ಹಗಲು ಮಲಗುವವನ ಮನೆ

ನಮ್ಮ ಮನೆಯ ಕುಕ್ಕರು ಸೀಟಿ ಹೊಡೆಯುವುದಿಲ್ಲ. ಕೆಟ್ಟಿಲ್ಲ, ಚೆನ್ನಾಗಿಯೇ ಇದೆ. ಒಳಗಿನ ಉಗಿ ಸುಂಯ್ ಎನ್ನತೊಡಗಿದ ಕೂಡಲೇ ನನ್ನ ಹೆಂಡತಿ ಗ್ಯಾಸ್ ಆರಿಸಿಬಿಡುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚುತ್ತಾಳೆ, ಮತ್ತೆ ಆರಿಸುತ್ತಾಳೆ. ಬೇಳೆ ಬೇಯುತ್ತದೆ, ಸದ್ದು ಬರುವುದಿಲ್ಲ. ಈ ವಿದ್ಯೆಯನ್ನು ಅವಳು ಧಾರವಾಡದ ತವರಿನಿಂದ ತಂದದ್ದಲ್ಲ. ನನ್ನನ್ನು ಕಟ್ಟಿಕೊಂಡ ಮೇಲೆ ಕಲಿತದ್ದು. ಅವಳು ಅಡುಗೆ ಮಾಡುವ ಹೊತ್ತಿನಲ್ಲಿ ನಾನು ಮಲಗಿರುತ್ತೇನೆ.

ಅಮೆರಿಕದ ಕೆಲವು ಆಸ್ಪತ್ರೆಗಳ ಕಂಪ್ಯೂಟರುಗಳು ಮುಷ್ಕರ ಹೂಡಿದಾಗ ಅವನ್ನು ದಾರಿಗೆ ತರುವುದು ನನ್ನ ಕೆಲಸ. ಪುಣೆಗೆ ಅಂಟಿಕೊಂಡ ತಳೇಗಾಂವದ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕೂತೇ ಮಾಡುತ್ತೇನೆ. ಅವರಿಗೆ ಬೆಳಗಾದಾಗ ನಮಗೆ ಸಂಜೆ. ಅವರು ಕೆಲಸ ಮುಗಿಸಿ ಎದ್ದಾಗ ನಮ್ಮಲ್ಲಿ ಹಾಲಿನವನು ಬರುತ್ತಾನೆ, ನಾನು ಹಾಸಿಗೆ ಸೇರುತ್ತೇನೆ. ಸಾಲದ್ದಕ್ಕೆ ಅವರು ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ತಾಸು ಹಿಂದೆ ಮುಂದೆ ತಿರುಗಿಸಿಕೊಳ್ಳುತ್ತಾರೆ. ಅವರ ಊರಿನ ಬಿಸಿಲಿಗಾಗಿ ತಿರುಗಿಸಿದ ಗಡಿಯಾರಕ್ಕೆ ತಕ್ಕಂತೆ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಬೀಳುವ ಹೊತ್ತೂ ಬದಲಾಗುತ್ತದೆ. ಇದೆಲ್ಲ ನನಗೆ ಬಹಳ ಕಾಲ ತಮಾಷೆಯಾಗಿಯೇ ಕಂಡಿತ್ತು.

ತಮಾಷೆ ಎಷ್ಟೆಂದರೆ ಬಾಗಿಲಿಗೆ ಒಂದು ಬೋರ್ಡು ಹಾಕಿಸಿದ್ದೆ. ಪುಣೆಯವರಿಗೆ ಮನೆ ಬಾಗಿಲಿಗೆ ಚುಚ್ಚುಮಾತಿನ ಬೋರ್ಡು ನೇತುಹಾಕುವ ಚಟ ಉಂಟು. ‘ಪಾಟಿ’ ಅನ್ನುತ್ತಾರೆ. ಗಾಡಿ ನಿಲ್ಲಿಸಬೇಡಿ, ವಿಳಾಸ ಕೇಳಬೇಡಿ, ಹೂ ಕೀಳಬೇಡಿ ಎಂಬುದನ್ನೆಲ್ಲ ಓದಿದವನಿಗೆ ಮುಖ ಕೆಂಪಾಗುವ ಹಾಗೆ ಬರೆಸುತ್ತಾರೆ. ಇಷ್ಟು ವರ್ಷ ಈ ಊರಿನ ನೀರು ಕುಡಿದ ನಾನು ಹಿಂದೆ ಬೀಳುವುದುಂಟೆ? ಅಚ್ಚುಕಟ್ಟಾದ ಮರಾಠಿಯಲ್ಲಿ ಬರೆಸಿದೆ: “ಈ ಮನೆಯಲ್ಲಿ ಈಗ ಅಮೆರಿಕದ ರಾತ್ರಿ. ಬೆಲ್ ಒತ್ತುವವರು ಅಲ್ಲಿಗೆ ಹೋಗಿ ಬೆಳಗು ಮಾಡಿಕೊಂಡು ಬರಬೇಕು.” ಕೆಳಗಿನ ಮಹಡಿಯವರು ಫೋಟೋ ಹೊಡೆದುಕೊಂಡು ಹೋದರು. ನಾನು ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದೆ.

ಬೋರ್ಡು ಹಾಕಿದ ಬಾಗಿಲಿನ ಒಳಗಡೆ ಬದುಕುವವರು ಇಬ್ಬರಿದ್ದರು. ಹೆಂಡತಿ ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ ತೊಡಿಸಿದಳು. ತವರಿಗೆ ಫೋನು ಮಾಡಬೇಕಾದರೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಮಗಳಂತೂ ನಡೆಯಲು ಕಲಿತಾಗಿನಿಂದ ತುದಿಗಾಲಲ್ಲೇ ನಡೆದವಳು. ಈಗ ಎರಡನೆಯ ಇಯತ್ತೆ, ಅಂದರೆ ಎರಡನೆಯ ಕ್ಲಾಸು. ಅವಳದು ಮಧ್ಯಾಹ್ನದ ಶಾಲೆ. ಅವಳು ಮನೆಯಲ್ಲಿರುವ ಬೆಳಗೆಲ್ಲ ನಾನು ಮಲಗಿರುತ್ತೇನೆ, ನಾನು ಏಳುವ ಹೊತ್ತಿಗೆ ಅವಳ ರಿಕ್ಷಾ ಹೊರಟಿರುತ್ತದೆ. ಸಂಜೆ ಅವಳು ಬಂದಾಗ ನಾನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿರುತ್ತೇನೆ. ಆಗ ಹತ್ತಿರ ಬಂದು ನನ್ನ ಮುಖ ನೋಡಿ ಮೆಲ್ಲಗೆ ಕೇಳುತ್ತಾಳೆ:

“ಅಪ್ಪಾ, ಈಗ ನಿನಗ ಹಗಲೇನು?”

ಹಗಲು ಅಂದರೆ ಏನಾದರೂ ಹೇಳುತ್ತಾಳೆ. ಸುಮ್ಮನಿದ್ದರೆ ಹಾಗೇ ಹೋಗುತ್ತಾಳೆ. ಎಂಥ ಮುದ್ದಾದ ಪ್ರಶ್ನೆ ಎಂದು ನಾನು ಅದನ್ನು ಅಮೆರಿಕದವರಿಗೆ ಹೇಳಿ ನಗಿಸಿದ್ದೆ. ಅವರ ಮಕ್ಕಳ ಹಲ್ಲು ಬಿದ್ದದ್ದು, ಆಟದಲ್ಲಿ ಗೆದ್ದದ್ದು ಎಲ್ಲ ನನಗೆ ಗೊತ್ತು. ಫೋನಿನಲ್ಲಿ ಯಾರ ದನಿಯಾದರೂ ಸಣ್ಣಗಾದರೆ “ಸ್ವಲ್ಪ ಜೋರಾಗಿ ಮಾತಾಡಿ, ಕೇಳಿಸುತ್ತಿಲ್ಲ” ಎಂದು ದಿನಕ್ಕೆ ಹತ್ತು ಸಲ ಹೇಳುವವನು ನಾನು.

ಹೋದ ಚಳಿಗಾಲದಲ್ಲಿ ಹೆಂಡತಿಗೆ ಜ್ವರ ಬಂದು, ಮಗಳ ಶಾಲೆಯ ಪಾಲಕರ ಸಭೆಗೆ ನಾನು ಹೋಗಬೇಕಾಯಿತು. ಅದೇ ಮೊದಲ ಸಲ. ನಿದ್ದೆ ಅರ್ಧಕ್ಕೆ ಬಿಟ್ಟು, ಗಡ್ಡ ಕೆರೆಯದೆ, ಆಕಳಿಸುತ್ತಲೇ ಹೋಗಿ ಸಣ್ಣ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತೆ. ಮಗಳು ಪಕ್ಕದಲ್ಲಿ ನಿಂತಿದ್ದಳು. ಬಾಯಿ, ಎಂದರೆ ಅವಳ ಟೀಚರು, ವಯಸ್ಸಾದ ಮರಾಠಿ ಹೆಂಗಸು. ವರ್ಗದಲ್ಲೆಲ್ಲ ಇವಳಷ್ಟು ಚೆಂದ ಓದುವವರು ಇನ್ನೊಬ್ಬರಿಲ್ಲ ಎಂದರು. ನಾನು ಹಿಗ್ಗಿದೆ.

“ಆದರೆ ನಾನು ಬಗ್ಗಿ ಅವಳ ಬಾಯಿಯ ಹತ್ತಿರ ಕಿವಿ ಇಟ್ಟರೆ ಮಾತ್ರ ಕೇಳಿಸುತ್ತದೆ,” ಎಂದರು. ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕ ಸಮಾರಂಭದಲ್ಲಿ, ಸ್ವಾಗತದ ಮಾತು ಹೇಳಲು ಇವಳನ್ನೇ ಆರಿಸಿದ್ದರಂತೆ. ತಾಲೀಮಿನಲ್ಲಿ ಮೈಕು ಕೊಟ್ಟರೂ ಮುಂದಿನ ಸಾಲಿಗೆ ಕೇಳಿಸಲಿಲ್ಲವಂತೆ. ಈ ತಿಂಗಳಲ್ಲಿ ದನಿ ಏಳದಿದ್ದರೆ ಬೇರೆ ಹುಡುಗಿಗೆ ಕೊಡಬೇಕಾಗುತ್ತದೆ. ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದರು. ಆಮೇಲೆ ನನ್ನ ಕೆಂಪು ಕಣ್ಣುಗಳನ್ನು ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದರು:

“ಮನೆಯಲ್ಲಿ ಯಾರಾದರೂ ಕೂಗಾಡುತ್ತಾರೆಯೇ?”

ನಾನು ಕೊಟ್ಟ ಉತ್ತರ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. “ಇಲ್ಲ ಬಾಯಿ, ನಾನು ಕುಡಿಯುವುದಿಲ್ಲ,” ಎಂದುಬಿಟ್ಟೆ. ಅವರು ಆ ಪ್ರಶ್ನೆ ಕೇಳಿಯೇ ಇರಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ತಾಯಂದಿರಿಬ್ಬರು ಮಾತು ನಿಲ್ಲಿಸಿದರು.

ಆಗ ಮಗಳು ಬಾಯಿಯ ಸೆರಗು ಹಿಡಿದು ಎಳೆದಳು. ಅವರು ಬಗ್ಗಿದರು. ಅವಳು ಮರಾಠಿಯಲ್ಲಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು. “ಅಪ್ಪ ಕೂಗಾಡೋದಿಲ್ಲ. ಅಪ್ಪ ಮಲಗ್ತಾರೆ ಅಷ್ಟೇ.” ನನ್ನ ಪರ ವಹಿಸಿ ಮಾತಾಡಿದ್ದಳು ಪಾಪ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮನೆಗೆ ಬಂದವನೇ ಸ್ಕ್ರೂ ಡ್ರೈವರ್ ಹುಡುಕಿ ಬಾಗಿಲಿನ ಬೋರ್ಡು ಬಿಚ್ಚಿದೆ. ಹೆಂಡತಿ ಶಾಲು ಹೊದ್ದು ಬಂದು ನೋಡುತ್ತ ನಿಂತಳು.

“ಪಾಟಿ ತಗದ್ರ ಏನಾತ್ರಿ? ಆಕೀಗೆ ಓದಲಿಕ್ಕೆ ಬರೂಕಿಂತ ಮೊದಲ ಅದು ಬಾಯಿಪಾಠ ಆಗೇದ.”

“ನಾ ಯಾವಾಗರ ಆಕೀಗೆ ಬೈದೇನೇನು? ಒಂದ ಸಲ ಅಷ್ಟ...” ಎಂದೆ.

ಒಂದು ಸಲ ನಿಜ. ಅವಳು ಇನ್ನೂ ಸರಿಯಾಗಿ ಮಾತು ಕಲಿಯದ ಕಾಲ. ಸ್ಟೀಲಿನ ವಾಟಿ ಬಟ್ಟಲುಗಳನ್ನು ನೆಲಕ್ಕೆ ಬಡಿಯುತ್ತ ಏನೋ ಹಾಡಿಕೊಳ್ಳುತ್ತಿದ್ದಳು, ಒಳಗೆ ಕುಕ್ಕರು ಕೂಗಿತು. ನಾನು ಬಾಗಿಲು ದೂಡಿಕೊಂಡು ಹೊರಬಂದು ಎಷ್ಟು ಜೋರಾಗಿ ಅರಚಿದೆನೆಂದರೆ ಅವಳ ಕೈಯಿಂದ ವಾಟಿ ಬಿದ್ದು ತಾನೇ ಉರುಳಿಕೊಂಡು ಬಾಲ್ಕನಿಯವರೆಗೆ ಹೋಯಿತು. ಅವಳು ಅಳಲೂ ಇಲ್ಲ. ನಾನು ಹೋಗಿ ಮತ್ತೆ ಮಲಗಿದೆ, ಚೆನ್ನಾಗಿ ನಿದ್ದೆಯೂ ಬಂತು.

“ಒಂದ ಸಲ ಸಾಕಾತಲ್ರೀ,” ಅಂದಳು ಹೆಂಡತಿ. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು.

ಮರುದಿನದಿಂದ ನಾನು ಬೇಗ ಏಳತೊಡಗಿದೆ. ಮಗಳು ಶಾಲೆಗೆ ಹೊರಡುವ ಮೊದಲು ಎದುರಿಗೆ ಕೂರಿಸಿಕೊಂಡು ಸ್ವಾಗತದ ಮಾತು ಹೇಳಿಸುತ್ತಿದ್ದೆ. ಜೋರಾಗಿ ಅಂದರೆ ಕಣ್ಣು ದೊಡ್ಡದು ಮಾಡುತ್ತಿದ್ದಳು, ದನಿ ಅಷ್ಟೇ ಇರುತ್ತಿತ್ತು. ಮೂರನೆಯ ದಿನ ನನಗೆ ತಾಳ್ಮೆ ತಪ್ಪಿತು. “ಜೋರಾಗಿ ಅನ್ನು ಅಂದೆ!” ಎಂದು ಕೂಗಿಬಿಟ್ಟೆ. ಮೆತ್ತಗೆ ಮಾತಾಡಲು ಕಲಿಸಿದ್ದೂ ಕೂಗಿಯೇ, ಈಗ ಜೋರಾಗಿ ಮಾತಾಡೆಂದು ಹೇಳುತ್ತಿರುವುದೂ ಕೂಗಿಯೇ. ನಾಚಿಕೆಯಿಂದ ಎದ್ದು ಹೋಗಿ ಬಾತ್‌ರೂಮಿನಲ್ಲಿ ಸುಮ್ಮನೆ ನಳ ಬಿಟ್ಟುಕೊಂಡು ನಿಂತೆ.

ಜೇಜುರಿಗೆ ಹೋಗೋಣ ಎಂದವಳು ಹೆಂಡತಿ. ನಮ್ಮ ಮನೆದೇವರು ಮೈಲಾರ. ಇಲ್ಲಿಯವರು ಖಂಡೋಬಾ ಎನ್ನುವುದು ಅವನನ್ನೇ. ಪುಣೆಯಲ್ಲಿದ್ದುಕೊಂಡೂ ಮಗಳನ್ನು ಒಮ್ಮೆಯೂ ಕರೆದೊಯ್ದಿರಲಿಲ್ಲ, ಏಕೆಂದರೆ ದರ್ಶನದ ಹೊತ್ತು ನನ್ನ ನಿದ್ದೆಯ ಹೊತ್ತು. “ಅಲ್ಲೆ ಎಲ್ಲಾರೂ ಒದರತಾರ. ಮಂದಿ ಒದರೂದು ಕೇಳಿ ಆಕೀ ಬಾಯಿನೂ ಬಿಟ್ಟೀತು,” ಅಂದಳು. ನಾನು ರಜೆ ಹಾಕಿ ಬಾಡಿಗೆ ಕಾರು ಗೊತ್ತು ಮಾಡಿದೆ.

ದಾರಿಯಲ್ಲಿ ಮಗಳೊಡನೆ ಹರಟಬೇಕೆಂದುಕೊಂಡಿದ್ದೆ. ಘಾಟಿ ಹತ್ತುವುದರೊಳಗೆ ನಿದ್ದೆ ಹೋದೆ. ಎಚ್ಚರವಾದಾಗ ಜೇಜುರಿ ಬಂದಿತ್ತು, ಕಾರಿನೊಳಗೆ ಗಪ್‌ಚುಪ್. ಇಳಿಯುವಾಗ ಡ್ರೈವರ್ ನಗುತ್ತ ಹೇಳಿದ: “ಸಾಹೇಬ್, ನಿಮ್ಮ ಮಗಳು ನನ್ನ ರೇಡಿಯೊ ಬಂದ್ ಮಾಡಿಸಿದಳು. ಹಾರ್ನ್ ಕೂಡ ಹೊಡೆಯಗೊಡಲಿಲ್ಲ.”

ಮೆಟ್ಟಿಲು ಹತ್ತಿ ಮೇಲಿನ ಅಂಗಳಕ್ಕೆ ಬರುವಷ್ಟರಲ್ಲಿ ಮೂವರೂ ತಲೆಯಿಂದ ಕಾಲಿನವರೆಗೆ ಭಂಡಾರದಲ್ಲಿ ಹಳದಿಯಾಗಿದ್ದೆವು. ನೆತ್ತಿಯ ಮೇಲೆ ಬಿಸಿಲು. ಬೆಳಗಾವಿ ಕಡೆಯ ಒಂದು ಗುಂಪು ಅರಿಸಿನ ತೂರುತ್ತ “ಏಳುಕೋಟಿ, ಏಳುಕೋಟಿಗೋ” ಎಂದು ಕೂಗುತ್ತಿತ್ತು. ಮರಾಠಿಯವರು “ಯೆಳಕೋಟ ಯೆಳಕೋಟ” ಎನ್ನುತ್ತಿದ್ದರು. ಎರಡೂ ಸೇರಿ ಕಲ್ಲಿನ ಗೋಡೆಗಳೆಲ್ಲ ಗುಂಯ್ ಎನ್ನುತ್ತಿದ್ದವು. ಮಗಳನ್ನು ಎತ್ತಿಕೊಂಡೆ. ಅವಳ ತುಟಿಗಳೂ ಆಡುತ್ತಿದ್ದವು. ಹೆಂಡತಿ ಆಸೆಯಿಂದ ನನ್ನ ಕಡೆ ನೋಡಿದಳು. ನಾನು ಮಗಳ ಬಾಯಿಗೆ ಕಿವಿ ಹಚ್ಚಿದೆ. ಏಳುಕೋಟಿ ಎನ್ನುತ್ತಿದ್ದಳು, ಬರೀ ಉಸಿರಿನಲ್ಲಿ.

“ಜೋರಾಗಿ ಅನ್ನವ್ವೀ. ಇಲ್ಲೆ ಎಲ್ಲಾರಿಗೂ ಹಗಲು. ನನಗೂ ಹಗಲು,” ಎಂದೆ.

ಅವಳು ನನ್ನ ಮುಖ ನೋಡಿದಳು. ನಂಬಲಿಲ್ಲ. ನಾನೇ ಮೊದಲು ಕೂಗಿ ತೋರಿಸಬೇಕೆನ್ನಿಸಿತು. ಎದೆ ತುಂಬ ಉಸಿರು ತುಂಬಿಕೊಂಡು, ಮನೆಯಲ್ಲಿ ಅವಳ ಮೇಲೆ ಅರಚಿದ್ದಕ್ಕಿಂತ ಜೋರಾಗಿ ಕೂಗಿದೆ. “ಏಳುಕೋಟಿ...”

ಮುಗಿಸಗೊಡಲಿಲ್ಲ. ಗಾಬರಿಯಿಂದ ಎರಡೂ ಹಳದಿ ಅಂಗೈಗಳನ್ನು ನನ್ನ ಬಾಯಿಗೆ ಒತ್ತಿ ಹಿಡಿದಳು. ಸುತ್ತಲ ಜನರನ್ನು ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದಳು.

“ಹಳೂಕ, ಅಪ್ಪಾ,” ಅಂದಳು. “ಯಾರರ ಮಲಗಿರ್ತಾರ.”