ನೋವಿಗೆ ಹತ್ತಕ್ಕೆ ಎಷ್ಟು

ನಾನು ನಿಂತಿದ್ದದ್ದು ಗೋಡೆಯ ಕನ್ನಡಿಗೂ ಹಸಿರು ಪರದೆಗೂ ನಡುವೆ, ಅಕ್ಕನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಹೋದ ವರ್ಷದ ಕಾರ್ತಿಕ, ಗುರುವಾರ, ಬೆಳಿಗ್ಗೆ ಹತ್ತು ಮುಕ್ಕಾಲು. ಗಡಿಯಾರ ಅಕ್ಕನ ತಲೆಯ ಮೇಲೆಯೇ ಇದ್ದದ್ದರಿಂದ ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಎಡಗೈಯಲ್ಲಿ ಅವಳ ಕೈಚೀಲವಿತ್ತು. ಅದರೊಳಗೆ ಏನಿದೆ ಎಂಬುದು ಆ ಕೋಣೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಪದ್ಮನಾಭನಗರದ ಆ ಫಿಸಿಯೋಥೆರಪಿ ಕ್ಲಿನಿಕ್ ಮೊದಲನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಮಂಡಿ ನೋವಿನವರು ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದು, ತಮಗೆ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಹೇಳಿಕೊಳ್ಳಬೇಕು. ನೆಲಮಹಡಿಯಲ್ಲಿ ಔಷಧಿ ಅಂಗಡಿ. ಮಾತ್ರೆ ಬೇಡ ಎನ್ನುವವರು ಮೇಲೆ, ಮಾರುವವರು ಕೆಳಗೆ. ಇಬ್ಬರ ನಡುವೆ ಜಗಳವಾದದ್ದನ್ನು ನಾನು ನೋಡಿಲ್ಲ.

ಅಕ್ಕ ಜಯನಗರದ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವಳು. ನಿಂತು ಪಾಠ ಹೇಳಿ ಮಂಡಿ ಸವೆಯಿತು ಎನ್ನುತ್ತಾಳೆ. ಕೂತು ಪಾಠ ಹೇಳಿದವರ ಮಂಡಿಯೂ ಸವೆದಿದೆ, ಅದಿರಲಿ. ಹತ್ತು ವರ್ಷದಿಂದ ಅವಳು ನೋವಿನ ಮಾತ್ರೆಯ ಮೇಲೆ ನಡೆಯುತ್ತಿದ್ದಳು. ತಾನು ನುಂಗುವುದಲ್ಲದೆ ಹಂಚುತ್ತಲೂ ಇದ್ದಳು. ನಮ್ಮವರ ಯಾವ ಮದುವೆಯಲ್ಲೇ ಆಗಲಿ, ಎರಡನೇ ಪಂಕ್ತಿ ಏಳುವ ಹೊತ್ತಿಗೆ ನಾಲ್ಕು ಜನ ಸೊಂಟ ಹಿಡಿದುಕೊಂಡು ಅವಳ ಸುತ್ತ ನಿಂತಿರುತ್ತಿದ್ದರು. "ನಿಂಗೆ ಅರ್ಧ ಸಾಕು. ನಿಮ್ಮ ಯಜಮಾನ್ರಿಗೆ ಒಂದು" ಎಂದು ಮುರಿದು ಕೊಡುತ್ತಿದ್ದಳು. ಅವಳ ಕೈಗುಣ ಒಳ್ಳೆಯದು ಎಂದು ಬಳಗದಲ್ಲಿ ಹೆಸರು. ಕಂಪನಿ ಮಾಡಿದ ಮಾತ್ರೆಗೆ ಅಕ್ಕನ ಕೈಗುಣ!

ಆ ವರ್ಷದ ಶ್ರಾವಣದಲ್ಲಿ ರಕ್ತಪರೀಕ್ಷೆಯಾಯಿತು. ಡಾಕ್ಟರು ವರದಿಯನ್ನು ಎರಡು ಸಲ ಓದಿದರು. "ಮಿಸ್, ನಿಮ್ಮ ಕಿಡ್ನಿ ಸೋಲ್ತಾ ಇದೆ. ನೋವಿನ ಮಾತ್ರೆ ಇವತ್ತಿಂದ ಬಂದ್. ಹೀಗೇ ನುಂಗ್ತಾ ಇದ್ರೆ ಡಯಾಲಿಸಿಸ್‌ಗೆ ಹೋಗ್ಬೇಕಾಗುತ್ತೆ. ಮಂಡಿಗೆ ಫಿಸಿಯೋ ಮಾಡಿಸಿ" ಎಂದರು. ಅಕ್ಕ ತಲೆಯಾಡಿಸಿದಳು. ಹೊರಗೆ ಚಪ್ಪಲಿ ಮೆಟ್ಟುವಾಗ ನನ್ನ ಕಡೆ ಬಾಗಿ, "ನನ್ನ ಸ್ಟೂಡೆಂಟು ಕಣೋ ಇವನು. ಭಿನ್ನರಾಶಿ ತಲೆಗೇ ಹತ್ತುತ್ತಿರಲಿಲ್ಲ" ಎಂದಳು. ಡಾಕ್ಟರ ಮಾತಿಗೆ ಅಲ್ಲಿಗೆ ಅಂಕ ಬಿದ್ದಾಯಿತು.

ಆದರೂ ವಾರಕ್ಕೆ ಮೂರು ದಿನ ಕ್ಲಿನಿಕ್ಕಿಗೆ ಹೊರಟಳು. ಜೊತೆಗೆ ನಾನು, ಚೀಲ ಹಿಡಿಯಲು. ವ್ಯಾಯಾಮ ಮಾಡಿಸುತ್ತಿದ್ದವರು ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ಯುವತಿ. ಅವರು ಪ್ರತಿ ಸಲ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಅಮ್ಮಾರ, ಇವತ್ತ ನೋವು ಹತ್ತಕ್ಕ ಎಷ್ಟೈತ್ರಿ?" ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ್ದು. ಉತ್ತರ ಕೇಳಿಕೊಂಡು, ಕಾಲಿಗೆ ಕಟ್ಟುವ ಮರಳಿನ ಪಟ್ಟಿಯ ತೂಕವನ್ನೂ ಹತ್ತಿ ಇಳಿಯುವ ಹಲಗೆಯ ಎತ್ತರವನ್ನೂ ನಿರ್ಧರಿಸುತ್ತಿದ್ದರು.

ಮೂವತ್ತನಾಲ್ಕು ವರ್ಷ ಹತ್ತಕ್ಕೆ ಇಷ್ಟು ಎಂದು ಕೆಂಪು ಶಾಯಿಯಲ್ಲಿ ಬರೆದವಳನ್ನು ಹೀಗೆ ಕೇಳಬಾರದಿತ್ತು. ಅಕ್ಕನಿಗೆ ಇದು ಪರೀಕ್ಷೆಯಾಗಿಬಿಟ್ಟಿತು. ಪಕ್ಕದಲ್ಲಿ ವಿಲ್ಸನ್ ಗಾರ್ಡನ್ನಿನ ನಿವೃತ್ತ ಇಂಜಿನಿಯರೊಬ್ಬರು ಸೆಟೆದುಹೋದ ಭುಜಕ್ಕೆ ರಾಟೆಯ ಹಗ್ಗ ಎಳೆಯುತ್ತಿದ್ದರು. ಎಂಟರಿಂದ ಮೂರಕ್ಕೆ ಇಳಿದದ್ದನ್ನು ಅವರು ಇಡೀ ಕೋಣೆಗೆ ಕೇಳುವಂತೆ ಹೇಳುತ್ತಿದ್ದರು.

"ನಿಮ್ದು ಎಷ್ಟು ಮೇಡಂ?"

"ಏಳು."

"ಇನ್ನೂ ಏಳಾ? ಪರ್ವಾಗಿಲ್ಲ ಬಿಡಿ. ಕೆಲವರಿಗೆ ನಿಧಾನ."

ಯಾರೂ ಯಾವತ್ತೂ ಅಕ್ಕನಿಗೆ ನಿಧಾನ ಎಂದಿರಲಿಲ್ಲ. ಮರುಸಲ ಮೆಟ್ಟಿಲಿನ ತಿರುವಿನಲ್ಲಿ ನಿಂತು, ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಂದು ಮಾತ್ರೆ ನುಂಗಿದಳು.

"ಅಕ್ಕ, ಡಾಕ್ಟ್ರು ಬೇಡ ಅಂದಿದಾರೆ."

"ನೋವಿಗೆ ಬೇಡ ಅಂದಿದ್ದು. ಇದು ವ್ಯಾಯಾಮಕ್ಕೆ. ನೋಯ್ತಾ ಇದ್ರೆ ವ್ಯಾಯಾಮ ಹೇಗೋ ಮಾಡೋದು, ಪೆದ್ದ? ಸರದಿ ಬರೋಷ್ಟ್ರಲ್ಲಿ ಹಿಡ್ಕೊಳ್ಳುತ್ತೆ."

ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ನಾನು ಹುಡುಕುವಷ್ಟರಲ್ಲಿ ಅವಳು ಮೇಲಿನ ಮೆಟ್ಟಿಲಿನಲ್ಲಿದ್ದಳು. ಹೀಗೆ ಒಂದು ತಿಂಗಳು ನಡೆಯಿತು. ನಾನು ಯಾರಿಗೂ ಹೇಳಲಿಲ್ಲ. ಚೀಲ ಹಿಡಿದಿದ್ದವನು ನಾನೇ ಎಂಬುದನ್ನು ಇಲ್ಲಿ ಬರೆದಿಡಬೇಕು.

ಏಳು ಐದಾಯಿತು, ಮೂರಾಯಿತು, ಎರಡಾಯಿತು. ಇಂಜಿನಿಯರು ತಮ್ಮ ಅಂಕ ಹೇಳುವುದನ್ನು ನಿಲ್ಲಿಸಿದರು. ಮರಳಿನ ಪಟ್ಟಿ ದಪ್ಪವಾಯಿತು. ಮಂಡಿ ತೋರಿಸಿ ಎಂದು ಆ ಯುವತಿ ಕೇಳಿದಾಗಲೆಲ್ಲ ಅಕ್ಕ ಇಂಜಿನಿಯರ ಕಡೆ ಒಂದು ನೋಟ ಬೀರಿ, ಸೀರೆಯನ್ನು ಇನ್ನೂ ಕೆಳಕ್ಕೆಳೆದುಕೊಂಡು, "ಮಂಡಿ ಮಂಡಿ ಥರಾನೇ ಇದೆ ಕಣಮ್ಮ, ನೋಡೋದೇನು" ಎನ್ನುತ್ತಿದ್ದಳು.

ಆ ಗುರುವಾರ "ಒಂದು" ಎಂದಳು. ಯುವತಿ ಚಪ್ಪಾಳೆ ತಟ್ಟಿ, ಹಲಗೆಯನ್ನು ಒಂದು ಹಂತ ಎತ್ತರಿಸಿದರು. ಅಕ್ಕ ಹತ್ತಿದಳು. ಇಳಿಯಲು ಬಲಗಾಲು ಕೆಳಗಿಟ್ಟಳು. ಮೇಲಿದ್ದ ಎಡಮಂಡಿ ಮಡಚಿಕೊಂಡಿತು. ಅವಳು ಕೈ ಚಾಚಲಿಲ್ಲ, ಕೂಗಲಿಲ್ಲ. ಪಕ್ಕಕ್ಕೆ ವಾಲಿ ಚಾಪೆಯ ಮೇಲೆ ಬಿದ್ದಳು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಯುವತಿ ಓಡಿಬಂದು ಪರದೆ ಎಳೆದು ಸೀರೆ ಸರಿಸಿದರು. ನಾನು ಪರದೆಯ ಒಳಗೇ ಉಳಿದಿದ್ದೆ. ಮಂಡಿ ಊದಿ ಹೊಳೆಯುತ್ತಿತ್ತು. ಯುವತಿ ಮುಟ್ಟಿ ಕೈ ಹಿಂದೆಗೆದುಕೊಂಡರು.

"ಸುಡಾಕತ್ತೈತಲ್ರಿ ಅಮ್ಮಾರ! ಇದು ಈಗ ಬಿದ್ದ ಊದಿದ್ದಲ್ರಿ, ಹಳೇದು. ನೀವು ಒಂದು ಅಂದ್ರಲ್ರಿ?"

"ಒಂದೇ ಕಣಮ್ಮ," ಎಂದಳು ಅಕ್ಕ, ನೆಲದ ಮೇಲಿಂದಲೇ.

ಅವರು ನನ್ನ ಕಡೆ ತಿರುಗಿದರು. "ಅಂಕಲ್, ಬರೂದಕ್ಕಿಂತ ಮೊದಲ ಏನರ ತಗೋತಾರೇನ್ರಿ?"

ಅಕ್ಕ ನನ್ನನ್ನು ನೋಡಿದಳು. ಐದನೇ ತರಗತಿಯ ಹುಡುಗರು ಆ ನೋಟಕ್ಕೆ ಚಡ್ಡಿ ಒದ್ದೆ ಮಾಡಿಕೊಂಡದ್ದುಂಟು. ನನಗೆ ಅರುವತ್ತೈದು. ಡಯಾಲಿಸಿಸ್ ಎಂಬ ಮಾತು ಮಾತ್ರ ಆಗ ತಲೆಯಲ್ಲಿತ್ತು. ಚೀಲದ ಜಿಪ್ ಎಳೆದೆ. ಮಾತ್ರೆಯ ಹಾಳೆಗಳನ್ನು ತೆಗೆದು ಯುವತಿಯ ಕೈಗೆ ಕೊಟ್ಟೆ. "ಪ್ರತಿ ಸಲ. ಒಂದು ತಿಂಗಳಿಂದ," ಎಂದೆ.

"ಚಾಡಿಕೋರ," ಎಂದಳು ಅಕ್ಕ.

ಯುವತಿ ಬೈಯಲಿಲ್ಲ. ಅಕ್ಕನ ಪಕ್ಕ ನೆಲದಲ್ಲೇ ಕೂತರು. "ಅಮ್ಮಾರ, ನಾ ನಿಮ್ಮ ನೋವನ್ನ ಕೇಳಿ ತೂಕ ಕಟ್ಟತೀನ್ರಿ. ಅದರ ಬಾಯಿ ಮುಚ್ಚಿ ಕರ್ಕೊಂಡ ಬಂದ್ರ ನಾ ಯಾರನ್ನ ಕೇಳ್ಲಿ?"

ಪರದೆಯಾಚೆಯಿಂದ ಇಂಜಿನಿಯರ ದನಿ ಬಂತು: "ನಿಜ ಹೇಳ್ಬೇಕು ಅಂದ್ರೆ, ನಂದೂ ಮೂರಲ್ಲ ಮೇಡಂ. ಐದು."

ಮರುವಾರದ ರಕ್ತಪರೀಕ್ಷೆಯಲ್ಲಿ ಕಿಡ್ನಿ ಇನ್ನಷ್ಟು ಸೋತಿತ್ತು. ಭಿನ್ನರಾಶಿ ಬಾರದ ಡಾಕ್ಟರು, ಈಗಲೂ ನಿಲ್ಲಿಸಿದರೆ ಉಳಿಯುತ್ತದೆ ಎಂದರು. ಈ ಸಲ ಅಕ್ಕ ಮಾತಾಡದೆ ಚಪ್ಪಲಿ ಮೆಟ್ಟಿದಳು. ಮೂರು ವಾರ ಮಲಗಿದ್ದು, ಮತ್ತೆ ಅತಿ ಗಿಡ್ಡ ಹಲಗೆಯಿಂದ ಶುರುಮಾಡಿದಳು. ಹತ್ತಕ್ಕೆ ಎಷ್ಟು ಎಂದಾಗ ಗೋಡೆ ನೋಡಿಕೊಂಡು "ಎಂಟು" ಎಂದಳು. ಆಮೇಲಿಂದ ಮಾತ್ರೆ ನುಂಗಿದ್ದನ್ನು ನಾನು ನೋಡಿಲ್ಲ. ನಾನು ನೋಡಿದ್ದನ್ನಷ್ಟೇ ಹೇಳಬಲ್ಲೆ. ಈಗ ತಿರುವಿನಲ್ಲಿ ನಿಲ್ಲದೆ ಮೇಲೆ ಹತ್ತುತ್ತಾಳೆ, ಕಂಬಿ ಹಿಡಿದು, ಬೈದುಕೊಂಡು. ರಕ್ತದ ವರದಿಯ ಅಂಕಿ ಇಳಿದಿಲ್ಲ, ಏರಿಯೂ ಇಲ್ಲ.

ನನ್ನನ್ನು ಬಿಟ್ಟರೆ ಅವತ್ತು ಅಲ್ಲಿದ್ದವರು ಮೂವರು, ಮೂವರೂ ಬದುಕಿದ್ದಾರೆ. ಆ ಯುವತಿ ಈಗ ಜೆಪಿ ನಗರದ ಇನ್ನೊಂದು ಕ್ಲಿನಿಕ್ಕಿನಲ್ಲಿದ್ದಾರೆ. ಕೇಳಿದರೆ ಇದ್ದದ್ದನ್ನು ಹೇಳುತ್ತಾರೆ. ಇಂಜಿನಿಯರು ಬಿದ್ದದ್ದನ್ನು ಪೂರ್ತಿ ನೋಡಿದ್ದಾರೆ, ಆದರೆ ತಮ್ಮ ಐದರ ವಿಷಯ ಬಿಟ್ಟು ಹೇಳುತ್ತಾರೆ. ಮೂರನೆಯವಳು ಅಕ್ಕ. ಹಲಗೆ ಜಾರಿತು ಎನ್ನುತ್ತಾಳೆ.