ಎದುರಿನ ಸೀಟು

ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಲು ಹೋಗಿದ್ದುಂಟು. ಇಂಡಿ ಪಟ್ಟಣದ ಮೈದಾನದಲ್ಲಿ ನನ್ನ ಎಡಬಲಗಳ ಗೊಂದಲ ನೋಡಿ ಕಲಿಸುವವನೇ ಕೈಮುಗಿದು, "ಸರ, ನೀವು ಹಿಂದ ಕುಂಡ್ರಾಕ ಹುಟ್ಟೀರಿ" ಎಂದುಬಿಟ್ಟ. ಅಂದಿನಿಂದ ಡ್ರೈವರ್ ಇಲ್ಲದೆ ತಾನೇ ಓಡುವ ಕಾರಿನ ಸುದ್ದಿ ಎಲ್ಲಿ ಕಂಡರೂ ಬಿಡದೆ ಓದುತ್ತೇನೆ. ನನ್ನಂಥವರಿಗಾಗಿಯೇ ತಯಾರಾಗುತ್ತಿರುವ ವಾಹನ ಅದು ಎಂದು ನಂಬಿದ್ದೆ.

ಆ ಕಾರಿನಲ್ಲಿ ಯಾರೂ ರಸ್ತೆ ನೋಡಬೇಕಾಗಿಲ್ಲ. ಎದುರುಬದುರು ಕುಳಿತು ಹರಟಬಹುದು, ಕಾಲು ಚಾಚಿ ಮಲಗಬಹುದು. ಆದರೆ ಡಿಕ್ಕಿಯಾದರೆ? ಈಗಿನ ಬೆಲ್ಟು, ಏರ್‌ಬ್ಯಾಗು ಎಲ್ಲ ಮುಂದೆ ನೋಡುತ್ತ ನೆಟ್ಟಗೆ ಕೂತವರಿಗಾಗಿ ಮಾಡಿದಂಥವು. ಎದುರುಬದುರು ಕೂತವರು ಒಬ್ಬರ ಮೇಲೊಬ್ಬರು ಬೀಳದಂತೆ ಕಾಯುವುದು ಹೇಗೆಂದು ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರಂತೆ. ಗೊಂಬೆಗಳನ್ನು ಕೂರಿಸಿ, ಕಾರನ್ನು ಗೋಡೆಗೆ ಗುದ್ದಿಸಿ ನೋಡುತ್ತಾರಂತೆ.

ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುತ್ತಲೇ ನಕ್ಕಿದ್ದಳು. "ಮಾರಿಗೆ ಮಾರಿ ಮಾಡಿ ಕುಂಡ್ರೂದು ಹೊಸಾದೇನ್ರಿ? ನಾವು ಟಂಟಂದಾಗ ದಿನಾ ಹಂಗ ಹೋಗತೇವಿ. ಗೊಂಬಿ ಯಾಕ ಬೇಕು, ನಾನು ಶಮಶಾದ್ ಇಬ್ಬರೂ ಬರ್ತೇವಿ ಅಂತ ಹೇಳ್ರಿ."

ಟಂಟಂ ಎಂದರೆ ಮೂರು ಗಾಲಿಯ ದೊಡ್ಡ ಆಟೋ. ಡ್ರೈವರನ ಬೆನ್ನಿಗೆ ಬೆನ್ನು ಹಚ್ಚಿದ ಒಂದು ಬೆಂಚು, ಅದಕ್ಕೆ ಮುಖ ಮಾಡಿದ ಇನ್ನೊಂದು. ನಡುವೆ ಎರಡೂ ಕಡೆಯ ಮೊಣಕಾಲುಗಳು, ಸಂದಿಯಲ್ಲಿ ಯಾರದೋ ಲಿಂಬೆಹಣ್ಣಿನ ಚೀಲ. ಮುದ್ದೇಬಿಹಾಳದಿಂದ ಬಾಗೇವಾಡಿಯವರೆಗೆ ಯಾವ ಟಂಟಂ ಸ್ಟ್ಯಾಂಡಿಗೆ ಹೋದರೂ ಪ್ರಯಾಣಿಕರನ್ನು ಪ್ರಯಾಣಿಕರೆಂದು ಕರೆಯುವುದಿಲ್ಲ, ಸೀಟು ಎನ್ನುತ್ತಾರೆ. ಸೀಟು ಬಂತು, ಸೀಟು ಇಳಿಯಿತು, ಆ ಸೀಟು ಭಾಳ ಜಗಳಗಂಟ. ನಾನೂ ಎಷ್ಟೋ ಸಲ ಸಿಂದಗಿಗೆ ಅರ್ಧ ಸೀಟಾಗಿ ಹೋಗಿದ್ದೇನೆ. ಉಳಿದರ್ಧ ಹೊರಗೆ ಗಾಳಿಯಲ್ಲಿತ್ತು. ಕೂರುವ ಜಾಗಕ್ಕೂ ಕೂರುವ ಮನುಷ್ಯನಿಗೂ ಒಂದೇ ಹೆಸರು. ಅಲಂಕಾರಶಾಸ್ತ್ರದವರು ಇದನ್ನು ಲಕ್ಷಣೆ ಎಂದು ಕರೆದು ಸಂತೋಷಪಡಬಹುದು.

ಗಿರಿಜಾ ಮತ್ತು ಶಮಶಾದ್ ಝಳಕಿ ರಸ್ತೆಯ ಒಂದೇ ಶಾಲೆಯ ಟೀಚರುಗಳು. ಶಾಲೆಯ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ, ಟಂಟಂ ಬಿಟ್ಟರೆ ಗತಿಯಿಲ್ಲ. ಹಿಂದಕ್ಕೆ ಮುಖ ಮಾಡಿ ಕೂತರೆ ಶಮಶಾದಳಿಗೆ ಹೊಟ್ಟೆ ತೊಳೆಸುತ್ತಿತ್ತು. ಹಾಗಾಗಿ ಡ್ರೈವರನ ಬೆನ್ನಿಗಿನ ಜಾಗ ಗಿರಿಜಾಳದು, ಅದರ ಎದುರಿನದು ಶಮಶಾದಳದು. ಬೆಳಿಗ್ಗೆ ಟಂಟಂ ನಮ್ಮ ಮನೆ ಮುಂದಿನಿಂದ ಹೊರಟರೆ, ಸುತ್ತಿಟ್ಟ ಹಿಂದಿನ ಪರದೆಯ ಕೆಳಗೆ, ಶಮಶಾದಳ ತಲೆಯಾಚೆ ಗಿರಿಜಾಳ ಮುಖ ತಿರುವಿನ ತನಕ ಕಾಣುತ್ತಿತ್ತು. ಈ ವಯಸ್ಸಿನಲ್ಲೂ ನಾನು ಗೇಟಿನಲ್ಲಿ ನಿಂತು ಕೈ ಬೀಸುವುದು ನೋಡಿ ಓಣಿಯವರು ನಗುತ್ತಿದ್ದರು.

ಕಬ್ಬಿನ ಹಂಗಾಮಿನಲ್ಲಿ ಒಂದು ದಿನ, ಬೆಳಗಿನ ಮಂಜಿನಲ್ಲಿ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರೊಂದು ನಡುರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಇವರ ಟಂಟಂ ಅದಕ್ಕೆ ಗುದ್ದಿತು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಬಸ್ಸು ನಿಂತರೂ ನೀವು ನಿಲ್ಲುವುದಿಲ್ಲ, ಮುಂದಿನವರ ಬುತ್ತಿಗಂಟಿನ ಮೇಲೆ ಬೀಳುತ್ತೀರಿ, ಅದೇ ಜಡತ್ವ ಎಂದು ವರ್ಷ ವರ್ಷವೂ ಹುಡುಗರನ್ನು ನಗಿಸಿದ್ದೇನೆ. ಟಂಟಂ ನಿಂತಿತು, ಶಮಶಾದ್ ನಿಲ್ಲಲಿಲ್ಲ. ಗಿರಿಜಾಳ ಬೆನ್ನಿಗೆ ಹಲಗೆಯಾದರೂ ಇತ್ತು. ಶಮಶಾದ್ ಎದುರಿನ ಕಬ್ಬಿಣದ ಸರಳಿಗೆ ಬಡಿದು ಗಿರಿಜಾಳ ಮಡಿಲಲ್ಲೇ ಬಿದ್ದಳು, ಅಲ್ಲೇ ಹೋದಳು. ನಾನು ಹೋಗಿ ಮುಟ್ಟಿದಾಗ ರಸ್ತೆ ತುಂಬ ಲಿಂಬೆಹಣ್ಣು. ಟಂಟಂನ ಡ್ರೈವರ್ ನೆಲದ ಮೇಲೆ ಕೂತು ಫೋನಿನಲ್ಲಿ ಯಾರಿಗೋ ಹೇಳುತ್ತ ಅಳುತ್ತಿದ್ದ: "ಒಂದ ಸೀಟ ಹೋತ್ರಿ. ಉಳದ ಸೀಟೆಲ್ಲಾ ಅದಾವ್ರಿ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಬಾಯಲ್ಲಿ ಇದ್ದ ಶಬ್ದವೇ ಅದು.

ಆ ಕಾರಿನ ಸುದ್ದಿಯನ್ನು ಈಗಲೂ ಓದುತ್ತೇನೆ, ಮೊದಲಿನ ಖುಷಿಯಿಲ್ಲ. ಅಲ್ಲಿ ಗೊಂಬೆಯ ಕತ್ತು ಉಳುಕಿದರೂ ಸಭೆ ಸೇರುತ್ತಾರೆ. ನಮ್ಮ ರಸ್ತೆಗೆ ಆ ಕಾರು ಬರುವ ಹೊತ್ತಿಗೆ ನಾವಿರುವುದಿಲ್ಲ. ಬಂದರೂ ನಡುವೆ ಲಿಂಬೆ ಚೀಲವಿಟ್ಟು, ಅದರ ಮೇಲೆ ಇನ್ನಿಬ್ಬರನ್ನು ತುರುಕಿಯೇ ಕಳಿಸುತ್ತೇವೆ. ನನಗಂತೂ ಯಾವ ಭರವಸೆಯೂ ಉಳಿದಿಲ್ಲ. ಬೆಳಿಗ್ಗೆ ಹೋದ ಗಿರಿಜಾ ಸಂಜೆ ಗೇಟು ತೆರೆದ ಸದ್ದು ಕೇಳುವ ತನಕ ನಾನು ಯಾವ ಕೆಲಸಕ್ಕೂ ಬಾರದವನು.

ಗಿರಿಜಾ ಮತ್ತೆ ಶಾಲೆಗೆ ಹೊರಟ ದಿನ ನನ್ನ ವಿದ್ಯೆಯನ್ನೆಲ್ಲ ಒಂದೇ ಮಾತಿನಲ್ಲಿ ಧಾರೆ ಎರೆದೆ. "ಡ್ರೈವರಗ ಬೆನ್ನ ಹಚ್ಚೇ ಕುಂಡ್ರು. ಆ ಸೀಟ ಯಾರಿಗೂ ಬಿಟ್ಟ ಕೊಡಬ್ಯಾಡ."

ಅವಳು ಸೆರಗು ಸರಿಮಾಡಿಕೊಳ್ಳುತ್ತ ಕೇಳಿದಳು: "ಹಂಗಾರ ಎದುರಿಗೆ ಯಾರ್ನ ಕುಂಡ್ರಸೂನ್ರಿ?"

ಅಷ್ಟರಲ್ಲಿ ಬೇರೊಂದು ಟಂಟಂ ಬಂದು ಗೇಟಿನ ಮುಂದೆ ಹಾರ್ನ್ ಹೊಡೆಯಿತು. "ಅಕ್ಕೋರ, ಎರಡ ಸೀಟ ಖಾಲಿ ಅದಾವು, ಲಗೂನ ಬರ್ರಿ!" ಶಮಶಾದಳ ಜಾಗಕ್ಕೆ ಹೊಸದಾಗಿ ಬಂದ ಟೀಚರು, ಇನ್ನೂ ಚಿಕ್ಕ ಪ್ರಾಯದ ಹುಡುಗಿ, ಗೇಟಿನ ಹೊರಗೆ ಕಾಯುತ್ತಿದ್ದವಳು, ಗಿರಿಜಾಳ ಜೊತೆ ಹತ್ತಿದಳು.

ಟಂಟಂ ಹೊರಟಿತು. ಪರದೆ ಸುತ್ತಿಟ್ಟಿತ್ತು. ನಾನು ಎಂದಿನಂತೆ ಕೈ ಎತ್ತಿದೆ. ಗಿರಿಜಾಳ ತುರುಬು ಮಾತ್ರ ಕಂಡಿತು. ಅದರಾಚೆ, ಡ್ರೈವರನ ಬೆನ್ನಿಗೆ ಬೆನ್ನು ಹಚ್ಚಿ ಕೂತ ಆ ಹುಡುಗಿ, ಪಾಪ, ಏನೂ ತಿಳಿಯದೆ, ತಿರುವಿನ ತನಕ ನನಗೆ ಕೈ ಬೀಸುತ್ತ ಹೋದಳು.