ಗೊರವದ ಕಾಲಿನ ಬಳೆ

ಬಲೆಗೆ ಸಿಕ್ಕಿದ್ದ ಹಕ್ಕಿ ನನ್ನನ್ನು ಕಂಡು ಇನ್ನಷ್ಟು ಒದ್ದಾಡಿತು. ಗುಲ್ವಾಡಿ ಹೊಳೆಯಲ್ಲಿ ಅದು ಇಳಿತದ ಹೊತ್ತು. ದಡದಲ್ಲಿ ಹಕ್ಕಿ ನೋಡುತ್ತಿದ್ದ ನಾನು ಕೆಸರಿಗಿಳಿದು ಅದನ್ನು ಎರಡೂ ಕೈಯಲ್ಲಿ ಮೆಲ್ಲನೆ ಹಿಡಿದೆ. ಚಳಿಗಾಲಕ್ಕೆ ದೂರದ ದೇಶದಿಂದ ಬರುವ, ಕೆಂಪು ಕಾಲಿನ ಗೊರವ ಅದು. ಮೀನಿಗೆ ಬಲೆ ಹಾಕಿದ್ದ ಗಿರಿಜಕ್ಕ ಓಡಿಬಂದು ನೂಲು ಬಿಡಿಸತೊಡಗಿದರು. ಹೊಸ ಬಲೆ, ಬಿಡಿಸಿದಷ್ಟೂ ಬಿಗಿಯಾಗುತ್ತಿತ್ತು.

"ಹ್ವಾಯ್, ಇದ್ರ ಕಾಲಿಗೆ ಬಳಿ ಹಾಕಿದ್ದ್ ಯಾರ್?" ಎಂದರು. ನೋಡಿದರೆ ಕಾಲಲ್ಲಿ ಪುಟ್ಟ ಉಂಗುರ, ಅದರ ಮೇಲೆ ಅಕ್ಷರಗಳು. ಹಕ್ಕಿ ಎಲ್ಲೆಲ್ಲಿಗೆ ಹೋಗುತ್ತದೆಂದು ತಿಳಿಯಲು ಅದರ ಊರಿನವರು ತೊಡಿಸಿದ್ದು ಎಂದೆ.

"ಹಾಂಗಾರೆ ಅಲ್ಲಿ ಇದ್ರ ದಾರಿ ಕಾಂಬೋರ್ ಇದ್ರ್ ಅಲ್ದಾ," ಎಂದವರೇ ಬುಟ್ಟಿಯಿಂದ ಚೂರಿ ತೆಗೆದು ಬಲೆಯನ್ನೇ ಕೊಯ್ದುಬಿಟ್ಟರು.

ಕೈ ಬಿಟ್ಟರೂ ಹಕ್ಕಿ ಹಾರಲಿಲ್ಲ, ಎರಡು ಹೆಜ್ಜೆ ಕುಂಟಿ ಕೆಸರಲ್ಲೇ ನಿಂತಿತು. ಆಮೇಲೆ ರೆಕ್ಕೆ ಕೊಡವಿ, ನೀರಿಗೆ ತಾಗುವಷ್ಟು ಕೆಳಗೆ ಹಾರಿ ಆಚೆ ದಡ ಸೇರಿತು.

ಉಂಗುರದ ಅಕ್ಷರಗಳನ್ನು ನಮ್ಮ ಪಕ್ಷಿವೀಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಕೆಲವು ದಿನಗಳ ನಂತರ ಬೈಂದೂರಿನ ಗೆಳೆಯರೊಬ್ಬರು ಫೋಟೊ ಕಳಿಸಿದರು. ಅದೇ ಉಂಗುರ, ಎರಡೂ ಕಾಲೂರಿ ಮೇಯುತ್ತಿದ್ದ ಅದೇ ಹಕ್ಕಿ! ಗಿರಿಜಕ್ಕನಿಗೆ ತೋರಿಸಿದೆ. ಹೊಲಿಯುತ್ತಿದ್ದ ಬಲೆ ಬದಿಗಿಟ್ಟು ಬಹಳ ಹೊತ್ತು ನೋಡಿ, "ಬದ್ಕ್ತ್ ಕಾಣಿ," ಎಂದು ನಕ್ಕರು.

ಈಗ ಹಕ್ಕಿ ನೋಡಲು ಹೊರಡುವಾಗ ಬೈನಾಕ್ಯುಲರ್ ಜತೆ ಒಂದು ಕತ್ತರಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಹೊಸ ಹಕ್ಕಿ ಬಂದಿಳಿದರೆ ನನಗೆ ಬರುವ ಮೊದಲ ಫೋನು ಗಿರಿಜಕ್ಕನದೇ.